ಆಕಾಶ ನೋಡಿದ ನೀರು

ಆ ಬೀದಿಯಲ್ಲಿ ದಿನವೂ ಸೂರ್ಯನಿಗಿಂತ ಮೊದಲು ಏಳುತ್ತಿದ್ದುದು ಬಣ್ಣದಮ್ಮನ ಬಾಯಿ. ಬೀದಿಗೆ ಬೀದಿಯೇ ನೂಲಿಗೆ ಬಣ್ಣ ಹಾಕುವವರದು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಅಮ್ಮ ಇದ್ದೇ ಇದ್ದಳು. ಆದರೂ 'ಬಣ್ಣದಮ್ಮ' ಎಂದರೆ ಈ ಒಬ್ಬಳೇ. ಅವಳು ಹಿತ್ತಿಲಲ್ಲಿ ನಿಂತು, "ಹಂಡೆ ತೊಳೆದಾಯ್ತೇನೋ? ಒಲೆ ಹತ್ತಿತೇನೇ? ಗಿಳೀ, ಮಾತು ಸಾಕು, ಕೈ ಆಡಿಸು!" ಎಂದು ಶುರು ಮಾಡಿದರೆ ಪಕ್ಕದ ಮನೆಯವರೂ ತಮ್ಮತಮ್ಮ ಹಂಡೆ ತೊಳೆಯಲು ಏಳುತ್ತಿದ್ದರು.

ಗಿಳಿ ಅವಳ ಮಗಳು. ಮಾತು ಕಲಿತ ಮೇಲೆ ನಿಲ್ಲಿಸಿದ್ದೇ ಇಲ್ಲವಾದ್ದರಿಂದ ಆ ಹೆಸರು. ಬಣ್ಣದಲ್ಲಿ ಅದ್ದಿ ತೆಗೆದ ನೂಲಿನ ಲಡಿಗಳನ್ನು ತೊಟ್ಟಿಯ ನೀರಿನಲ್ಲಿ ಜಾಲಿಸುವುದು ಅವಳ ಕೆಲಸ. ಅಣ್ಣ ಒಲೆಯ ಮುಂದೆ ನಿಂತು ಕೋಲಿನಿಂದ ಹಂಡೆ ತಿರುವುತ್ತಿದ್ದ. ಅತ್ತಿಗೆ ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಇವರೆಲ್ಲರ ಮೇಲೆ ಯಜಮಾನ, ಬಣ್ಣದಮ್ಮನ ಗಂಡ. ಅವನು ಹೆಚ್ಚು ಮಾತಾಡುವವನಲ್ಲ. ಲಡಿಯನ್ನು ಬೆಳಕಿಗೆ ಹಿಡಿದು, "ಇನ್ನೊಂದು ಸಲ" ಎನ್ನುತ್ತಿದ್ದ, ಇಲ್ಲವೇ "ಆಯ್ತು" ಎನ್ನುತ್ತಿದ್ದ. ಅವನ ಮನೆಯ ನೀಲಿ ಎಂದರೆ ವರ್ತಕರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು.

ಆ ನೀಲಿಯ ಗುಟ್ಟು ಹಿತ್ತಿಲಲ್ಲಿತ್ತು. ನಲ್ಲಿಯ ಗಡಸು ನೀರಿನಲ್ಲಿ ಜಾಲಿಸಿದರೆ ಬಣ್ಣದ ಮೇಲೆ ಬೂದಿ ಕೂತಂತೆ ಆಗುತ್ತದೆ. ಅದಕ್ಕೇ ಮಾಡಿನ ಮಳೆನೀರು ಹಿಡಿಯಲು ಅವನ ತಂದೆಯ ಕಾಲದಲ್ಲಿ ಕಟ್ಟಿಸಿದ ಮೂರು ಸಿಮೆಂಟಿನ ತೊಟ್ಟಿಗಳು. ಅಂಥ ತೊಟ್ಟಿಗಳು ಎಲ್ಲರ ಮನೆಯಲ್ಲೂ ಇದ್ದವು. ಆದರೆ ಈ ಮನೆಯ ತೊಟ್ಟಿಗೆ ಒಂದು ಕಟ್ಟಳೆ ಇತ್ತು: ಅದನ್ನು ಯಾರೂ ಮುಚ್ಚಕೂಡದು.

"ನೀರು ಆಕಾಶ ನೋಡ್ಬೇಕು ಕಣೇ," ಎನ್ನುತ್ತಿದ್ದ ಯಜಮಾನ. "ಮುಚ್ಚಿಟ್ಟ ನೀರು ಮುನಿಸ್ಕೊಳ್ಳುತ್ತೆ. ಮುನಿಸ್ಕೊಂಡ ನೀರಲ್ಲಿ ನೀಲಿ ನಗೋದಿಲ್ಲ."

ಕೇಳಲು ಇಂಪಾದ ಮಾತು. ಅಜ್ಜಿ ಹೇಳುವ ಕಥೆಯಾಗಿದ್ದರೆ ಅಂಥ ನೀರಿನಿಂದ ಹುಣ್ಣಿಮೆಯ ದಿನ ರಾಜಕುಮಾರಿಯೊಬ್ಬಳು ಎದ್ದು ಬರಬೇಕಿತ್ತು. ಈ ನೀರಿನಿಂದ ಎದ್ದು ಬಂದದ್ದು ಸೊಳ್ಳೆ.

ಮಳೆ ಹಿಡಿದು ಬಿಟ್ಟ ಮೇಲೆ ಬೀದಿಯ ಕೆಳತುದಿಯಲ್ಲಿ ಜ್ವರ ಶುರುವಾಯಿತು. ಡೆಂಗಿ ಅಂದರು. ಒಂದು ಸಂಜೆ ನಗರಸಭೆಯ ಗಾಡಿ ಗುಡುಗುಡು ಎನ್ನುತ್ತಾ ಹೊಗೆ ಬಿಟ್ಟುಕೊಂಡು ಬಂತು. ಎಲ್ಲರೂ ಕೆಮ್ಮುತ್ತಾ ಕಿಟಕಿ ಹಾಕಿಕೊಂಡರು; ಸೊಳ್ಳೆಗಳೂ ಅವರ ಜೊತೆಗೆ ಒಳಗೇ ಉಳಿದವು.

"ಹೋಯ್ತಲ್ಲ ಮೆರವಣಿಗೆ," ಎಂದಳು ಬಣ್ಣದಮ್ಮ. "ಸೊಳ್ಳೆ ಸತ್ತಿದ್ದು ಕಾಣ್ಲಿಲ್ಲ. ನನ್ನ ಒಣಗಿದ ಬಟ್ಟೆಗೆ ಮಾತ್ರ ಸೀಮೆಎಣ್ಣೆ ವಾಸನೆ ಹೊಡೀತು."

ಹೊಗೆಗಾಡಿಯ ಹಿಂದೆಯೇ ಮನೆ ಮನೆ ತಿರುಗುತ್ತಾ ಬಂದವಳು ಟಾರ್ಚಕ್ಕ. ಆರೋಗ್ಯ ಇಲಾಖೆಯವಳು. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಚೀಲ, ಕಾಲಲ್ಲಿ ಹಿಮ್ಮಡಿ ಸವೆದ ಚಪ್ಪಲಿ. ಹಿಂದಿನ ಮಳೆಗಾಲದಲ್ಲಿ ಅವಳು ಈ ಮನೆಯ ತೊಟ್ಟಿಗೆ ಔಷಧಿ ಹಾಕಿ ಹೋಗಿದ್ದಳು. ನೀರು ಕೆಟ್ಟಿತೆಂದು ಯಜಮಾನ ತುಂಬಿದ ತೊಟ್ಟಿಯನ್ನೇ ಖಾಲಿ ಮಾಡಿ, ಊಟ ಬಿಟ್ಟು ಗೋಡೆಗೆ ಮುಖ ಹಾಕಿ ಮಲಗಿದ್ದ. ಅವನನ್ನು ಊಟಕ್ಕೆ ಎಬ್ಬಿಸುವಷ್ಟರಲ್ಲಿ ಬಣ್ಣದಮ್ಮನ ಜೀವ ಹಣ್ಣಾಗಿತ್ತು. ಆವತ್ತಿನಿಂದ ಬಣ್ಣದಮ್ಮ ಟಾರ್ಚಕ್ಕನನ್ನು ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು.

"ಅಮ್ಮಾ, ಹಿತ್ತಿಲ ತೊಟ್ಟಿ ನೋಡ್ಬೇಕಿತ್ತು."

"ನೋಡೋಕೇನಿದೆ? ನಾವು ವಾರ ವಾರ ಖಾಲಿ ಮಾಡಿ ತಿಕ್ಕಿ ತೊಳೀತೀವಿ."

"ಒಂದು ಸಲ ಬೆಳಕು ಬಿಟ್ಟು ನೋಡಿ ಹೋಗ್ತೀನಿ, ಅಷ್ಟೇ."

"ಬಿಸಿಲಲ್ಲಿ ಟಾರ್ಚ್ ಹಿಡ್ಕೊಂಡು ಓಡಾಡ್ತೀಯಲ್ಲ, ನಿನಗೇ ಮೊದಲು ಯಾರಾದ್ರೂ ಔಷಧಿ ಕೊಡ್ಬೇಕು. ನೀರು ಬೇಕಾ ಕುಡಿಯೋಕೆ? ಬೇಡ್ವಾ? ಹಾಗಾದ್ರೆ ಮುಂದಿನ ಮನೆಗೆ ಹೋಗಮ್ಮ."

ಪಕ್ಕದ ಮನೆಯವಳು ಇದನ್ನು ಕೇಳಿಸಿಕೊಂಡು ತಾನೂ ಅದನ್ನೇ ಹೇಳಿದಳು. ಅವಳ ಪಕ್ಕದವಳೂ ಅದನ್ನೇ. ಹೀಗೆ ಬಣ್ಣದಮ್ಮನ ಮಾತು ಟಾರ್ಚಕ್ಕನಿಗಿಂತ ಬೇಗ ಬೀದಿ ದಾಟಿತು.

*

ಒಂದು ಮಧ್ಯಾಹ್ನ ಊಟಕ್ಕೆ ಕೂತ ಗಿಳಿ ತಟ್ಟೆಯನ್ನು ಮುಂದೆ ತಳ್ಳಿದಳು.

"ಕಣ್ಣಿನ ಹಿಂದೆ ಯಾರೋ ಕೂತು ಕುಟ್ತಿದ್ದಾರಮ್ಮ. ಮೂಳೆಗೆಲ್ಲ ಜ್ವರ ಬಂದಿದೆ. ನನ್ನ ಅನ್ನ ಅಣ್ಣನಿಗೆ ಹಾಕು. ಅಲ್ಲ, ಅವನಿಗೆ ಬೇಡ, ಈಗ್ಲೇ ಗುಡಾಣ ಆಗಿದ್ದಾನೆ, ಅತ್ತಿಗೆಗೆ ಹಾಕು."

ಹಣೆ ಮುಟ್ಟಿದರೆ ಹಂಡೆಯ ಹಾಗೆ ಸುಡುತ್ತಿತ್ತು. ದವಾಖಾನೆಯಲ್ಲಿ ರಕ್ತ ತೆಗೆದು ನೋಡಿ, ಡೆಂಗಿಯೇ ಎಂದರು. ಡಾಕ್ಟರಮ್ಮ ಚುಟುಕಾಗಿ ಹೇಳಿದಳು: "ಈ ವೈರಸ್‌ಗೆ ಅಂತ ಬೇರೆ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ನಾನು ಹೇಳಿದಷ್ಟೇ. ಮೈಕೈನೋವಿನ ಬೇರೆ ಮಾತ್ರೆ ಕೊಡಬೇಡಿ, ರಕ್ತ ಸೋರೋಕೆ ಶುರುವಾಗಬಹುದು. ಕುಡಿಯೋಕೆ ಕೊಡ್ತಾನೇ ಇರಿ. ಹಗಲಲ್ಲೂ ಸೊಳ್ಳೆಪರದೆ ಒಳಗೇ ಇರಲಿ, ಇವಳನ್ನ ಕಚ್ಚಿದ ಸೊಳ್ಳೆ ನಿಮ್ಮನ್ನೂ ಕಚ್ಚುತ್ತೆ. ಇನ್ನೊಂದು ಮಾತು. ಜ್ವರ ಬಿಟ್ಟಿತು ಅಂತ ಖುಷಿಪಡಬೇಡಿ. ಇದು ಬಿಟ್ಟು ಹೋಗೋ ಹೊತ್ತಿಗೇ ಹೊಡೆಯೋ ಜ್ವರ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಪರು, ಯಾವುದು ಕಂಡ್ರೂ ಆಸ್ಪತ್ರೆಗೆ ಓಡಿ."

ಬಣ್ಣದಮ್ಮ ನಡುಮನೆಯಲ್ಲಿ ಪರದೆ ಕಟ್ಟಿದಳು. ಒಲೆಯ ಮೇಲೆ ಬಣ್ಣದ ಹಂಡೆ ಕುದಿಯುತ್ತಿದ್ದರೆ ಪಕ್ಕದಲ್ಲೇ ತಿಳಿಸಾರು ಕಾಯುತ್ತಿತ್ತು. ಗಿಳಿ ಪರದೆಯೊಳಗಿಂದಲೇ ಮನೆ ನಡೆಸಿದಳು. "ಅತ್ತಿಗೆ, ಆ ತೋಳು ತಿರುವುಮುರುವಾಗಿ ಹೊಲೀತಿದ್ದೀಯ! ಅಣ್ಣಾ, ಲಡಿ ಸೀದ ವಾಸನೆ ಬರ್ತಿದೆ!" ಅವಳು ನರಳುವುದೂ ವಾಕ್ಯಗಳಲ್ಲೇ.

ಮಗಳ ನೋವು ನೋಡಲಾರದೆ ಯಜಮಾನ ಮೂಲೆಯಂಗಡಿಯಿಂದ ಮಾತ್ರೆ ತಂದ.

"ಇದೇನ್ರೀ?"

"ಮೈಕೈನೋವಿಗೆ. ಅಂಗಡಿಯವನು ಕೊಟ್ಟ. ಒಂದೇ ಗಳಿಗೇಲಿ ನೋವು ಹೋಗುತ್ತಂತೆ."

"ನೋವಿನ ಜೊತೆ ಮಗಳೂ ಹೋಗ್ತಾಳೆ. ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಡಾಕ್ಟ್ರಿಗೇನು, ಹೇಳ್ತಾರೆ. ಅವಳು ಒದ್ದಾಡೋದು ನಾನು ನೋಡ್ಬೇಕಲ್ಲ."

"ಹಾಗಾದ್ರೆ ನೋಡ್ಬೇಡಿ, ಹೊರಗೆ ಕೂತ್ಕೊಳ್ಳಿ," ಎಂದು ಬಣ್ಣದಮ್ಮ ಮಾತ್ರೆಯ ಪೊಟ್ಟಣವನ್ನು ಒಲೆಗೆ ಎಸೆದಳು. ಯಜಮಾನ ಹೊರಗೆ ಹೋಗಿ ಕೂತ. ಅವನು ಕೂತದ್ದು ತೊಟ್ಟಿಯ ಕಟ್ಟೆಯ ಮೇಲೆ. ಹಗಲು ಕಚ್ಚುವ ಸೊಳ್ಳೆಗಳು ಅವನ ಕಾಲ ಸುತ್ತ ಹಾಡಿದವು.

*

ಜ್ವರ ಒಂದು ಬೆಳಿಗ್ಗೆ ಇಳಿಯಿತು. ಮನೆಗೆ ಮನೆಯೇ ಉಸಿರು ಬಿಟ್ಟಿತು. ಮಗ ಸೀಟಿ ಹಾಕುತ್ತಾ ಒಲೆ ಹಚ್ಚಿದ. ವರ್ತಕನ ನೂಲು ರಾಶಿ ಬಿದ್ದಿತ್ತು.

"ಹೋಯ್ತಲ್ಲ ಜ್ವರ," ಎಂದ ಯಜಮಾನ. "ಸಂಜೆ ಎರಡು ಲಡಿ ಜಾಲಿಸ್ಲಿ. ಕೈ ಆಡಿದ್ರೆ ಮೈ ಹಗುರಾಗುತ್ತೆ."

ಬಣ್ಣದಮ್ಮ ಪರದೆಯೆತ್ತಿ ಮಗಳ ಪಕ್ಕ ಕೂತಳು. ಕೈ ತಣ್ಣಗಿತ್ತು, ಅಂಟುಅಂಟಾಗಿತ್ತು. ಕುಡಿದದ್ದೆಲ್ಲ ಎರಡು ಸಲ ಹೊರಗೆ ಬಂದಿತ್ತು.

"ಗಿಳೀ, ಏನಾದ್ರೂ ಮಾತಾಡೇ."

ಗಿಳಿ ಕಣ್ಣು ತೆರೆದು ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು. ಮತ್ತೆ ಕಣ್ಣು ಮುಚ್ಚಿದಳು.

ಬಣ್ಣದಮ್ಮ ಎದ್ದು ನಿಂತಳು. "ಗಾಡಿ ಕರಿ," ಎಂದಳು ಸೊಸೆಗೆ.

"ಎಲ್ಲಿಗೆ?" ಎಂದ ಯಜಮಾನ. "ಜ್ವರ ಬಿಟ್ಟ ಮೇಲೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ? ಸುಸ್ತು, ಮಲಗಿದ್ದಾಳೆ."

"ಬೆಂಕಿಯಂಥ ಜ್ವರದಲ್ಲೂ ಬಾಯಿ ಮುಚ್ಚದವಳು ತಣ್ಣಗಾದ ಮೇಲೆ ಸುಮ್ನಾಗಿದ್ದಾಳೆ. ನನ್ನ ಮಗಳ ಸದ್ದು ನನಗೆ ಗೊತ್ತು. ಜ್ವರ ಬಿಡೋ ಹೊತ್ತಿಗೇ ಹೊಡೆಯುತ್ತೆ ಅಂತ ಹೇಳಿಲ್ವಾ?"

"ನಾಳೆವರೆಗೆ ನೋಡೋಣ."

"ನೀವು ನೋಡಿ. ನಾನು ಹೊರಟೆ. ಅಡ್ಡ ನಿಂತ್ರೆ ನಿಮ್ಮನ್ನೂ ಗಾಡಿಗೆ ಹಾಕ್ಕೊಂಡು ಹೋಗ್ತೀನಿ."

ಸೊಸೆ ಆಗಲೇ ಚಪ್ಪಲಿ ಮೆಟ್ಟಿ ಬೀದಿಯ ತುದಿಗೆ ಓಡಿದ್ದಳು.

ದೊಡ್ಡಾಸ್ಪತ್ರೆಯ ಪಡಸಾಲೆ ಸಂತೆಯಾಗಿತ್ತು. ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತದೆ ಹೇಳಿದ: "ಹಾಸಿಗೆ ಖಾಲಿ ಇಲ್ಲ. ಜ್ವರ ಇಲ್ವಲ್ಲ ಈಗ? ನಾಳೆ ಬನ್ನಿ."

"ಅಪ್ಪಾ, ಹಾಸಿಗೆ ನಾನು ಕೇಳಿದ್ನಾ? ನೆಲ ಇದೆಯಲ್ಲ," ಎಂದು ಬಣ್ಣದಮ್ಮ ಕಿಟಕಿಯ ಮುಂದೆಯೇ ಹೊದಿಕೆ ಹಾಸಿ ಮಗಳನ್ನು ಮಲಗಿಸಿದಳು. "ಮಲಗಿಸಿದ್ದೀನಿ. ಇನ್ನು ಯಾರು ಹೋಗ್ಬೇಕಾದ್ರೂ ಇವಳನ್ನ ದಾಟ್ಕೊಂಡೇ ಹೋಗ್ಬೇಕು. ಡಾಕ್ಟ್ರೂನೂ."

"ಏನಮ್ಮಾ ಇದು, ಹೀಗೆಲ್ಲ ಮಾಡೋ ಹಾಗಿಲ್ಲ."

"ಹಾಗಿಲ್ಲ ಅಂತ ಯಾರು ಹೇಳೋದು? ಅವರನ್ನೇ ಕರಿ. ನಿನಗೂ ಅಕ್ಕತಂಗಿ ಇರ್ಬೇಕು. ನಾಳೆ ಬಾ ಅಂತ ಅವರಿಗೆ ಹೇಳು, ನನಗಲ್ಲ."

ಜನ ಸೇರಿದರು. ಗುಮಾಸ್ತನ ಕಿವಿ ಕೆಂಪಾಯಿತು. ಗಲಾಟೆ ಕೇಳಿ ಬಂದ ಯುವ ಡಾಕ್ಟರು ಬಯ್ಯಲು ಬಾಯಿ ತೆರೆದವನು ಗಿಳಿಯ ನಾಡಿ ಹಿಡಿದದ್ದೇ ಬೈಗುಳ ಮರೆತ. ರಕ್ತದೊತ್ತಡ ನೋಡಿದ. "ಗಾಲಿಮಂಚ ತನ್ನಿ!" ಎಂದು ಕೂಗಿದ. ಇಲ್ಲದ ಹಾಸಿಗೆ ಎಲ್ಲಿಂದಲೋ ಹುಟ್ಟಿತು.

ಮುಂದಿನ ದಿನಗಳು ಡ್ರಿಪ್ಪಿನ ಹನಿಯ ಜೊತೆ ಇಳಿದವು. ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಿದ್ದರು. ಪ್ಲೇಟ್ಲೆಟ್ ಇಳಿಯಿತು, ನಿಂತಿತು, ಏರತೊಡಗಿತು. ಸೊಸೆ ಬುತ್ತಿ ತರುತ್ತಿದ್ದಳು. ಯಜಮಾನ ಬರುತ್ತಿದ್ದ, ಮಂಚದ ಕಾಲು ಹಿಡಿದು ನಿಲ್ಲುತ್ತಿದ್ದ, ಹೋಗುತ್ತಿದ್ದ. "ಇನ್ನೊಂದು ದಿನ ಮನೇಲಿಟ್ಟಿದ್ರೆ ಕಷ್ಟ ಆಗ್ತಿತ್ತು," ಎಂದು ನರ್ಸು ಅವನ ಎದುರಿಗೇ ಅಂದಳು. ಬಣ್ಣದಮ್ಮ ಗಂಡನ ಮುಖ ನೋಡಲಿಲ್ಲ. ನೋಡಿದ್ದರೆ ಬೈಗುಳ ಬರುತ್ತಿತ್ತು, ಅಲ್ಲಿ ರೋಗಿಗಳು ಮಲಗಿದ್ದರು.

ಒಂದು ಬೆಳಿಗ್ಗೆ ತೆಳ್ಳನೆಯ ದನಿಯೊಂದು ಕೇಳಿತು: "ಅಮ್ಮಾ, ಕಿಟಕಿ ಹತ್ರ ಕೂರೋ ಆ ಅಣ್ಣನ್ನ ಅಳಿಸಿಬಿಟ್ಟೆಯಂತೆ? ನರ್ಸಕ್ಕ ಹೇಳಿದ್ಳು. ನಾನು ಎಚ್ಚರ ಇದ್ದಾಗ ಇಂಥದ್ದೆಲ್ಲ ಯಾಕೆ ಮಾಡೋಲ್ಲ ನೀನು?"

ಬಣ್ಣದಮ್ಮ ಅತ್ತದ್ದು ಆಗ. ಅಳುತ್ತಲೇ, "ಬಾಯಿ ಮುಚ್ಚೇ," ಅಂದಳು.

*

ಮಗಳನ್ನು ಮನೆಗೆ ತಂದ ದಿನವೇ ಟಾರ್ಚಕ್ಕ ಬಾಗಿಲಿಗೆ ಬಂದಳು. ಬಾಗಿಲಲ್ಲಿ ಎಂದಿನಂತೆ ಬಣ್ಣದಮ್ಮ.

"ಅಮ್ಮಾ, ತೊಟ್ಟಿ…"

"ಬಾ ಒಳಗೆ. ನಾವು ತಿಕ್ಕೋದೂ ಇಲ್ಲ, ತೊಳೆಯೋದೂ ಇಲ್ಲ. ಇಷ್ಟು ದಿನ ಸುಳ್ಳು ಹೇಳಿ ಕಳಿಸ್ದೆ."

ಟಾರ್ಚಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಗೊತ್ತಿತ್ತಮ್ಮ," ಎಂದಳು. "ದಿನಕ್ಕೆ ಎಷ್ಟು ಬಾಗಿಲಲ್ಲಿ ಜಗಳ ಆಡ್ಲಿ ಅಂತ ನಾನೂ ಸುಮ್ನೆ ಹೋದೆ."

ತೊಟ್ಟಿಗೆ ಬೆಳಕು ಬಿಟ್ಟರೆ ಕನ್ನಡಿಯಂಥ ನೀರಿನಲ್ಲಿ ಸಣ್ಣ ಹುಳುಗಳು ಬಾಗಿ ಬಾಗಿ ಕುಣಿಯುತ್ತಿದ್ದವು. ಗಿಳಿ ದಿನವೂ ಕೈಯಿಟ್ಟು ನಿಲ್ಲುತ್ತಿದ್ದ ತೊಟ್ಟಿಯಲ್ಲೇ ಹೆಚ್ಚು. ಯಜಮಾನ ಬಗ್ಗಿ ನೋಡಿದ. ಮೂರು ತೊಟ್ಟಿಗಳ ಬಿರಡೆಯನ್ನೂ ಕಿತ್ತ. ತಿಂಗಳುಗಳ ಮಳೆನೀರು ಚರಂಡಿಗೆ ಹರಿಯಿತು.

"ಗೋಡೇನೂ ತಿಕ್ಕಿ, ಯಜಮಾನ್ರೇ," ಎಂದಳು ಟಾರ್ಚಕ್ಕ. "ಅಂಚಿಗೆ ಮೊಟ್ಟೆ ಅಂಟಿರುತ್ತೆ. ಒಣಗಿದ್ರೂ ಸಾಯೋಲ್ಲ. ಆಮೇಲೆ ಬಟ್ಟೆ ಕಟ್ಟಿ ಮುಚ್ಚಿ."

"ಖಾಲಿ ಮಾಡಿದ್ದೀನಲ್ಲ. ಸಾಕು."

ಮತ್ತೆ ಮಳೆ ಬಂತು, ತೊಟ್ಟಿ ತುಂಬಿತು. ವಾರ ಕಳೆದು ಸೊಸೆ ಇಣುಕಿ ನೋಡಿ ಕೂಗಿದಳು, "ಅತ್ತೇ, ಮತ್ತೆ ಕುಣೀತಿವೆ!"

ಅಂದು ಬಣ್ಣದಮ್ಮನೇ ನೀರು ಬಿಟ್ಟು ತೊಟ್ಟಿಗಿಳಿದು ತೆಂಗಿನ ನಾರಿನಲ್ಲಿ ಗೋಡೆ ತಿಕ್ಕಿದಳು. ಸೊಸೆ ದಟ್ಟ ನೇಯ್ಗೆಯ ಬಟ್ಟೆಗೆ ಸುತ್ತಲೂ ಎಲಾಸ್ಟಿಕ್ ಹೊಲಿದು ಮೂರು ಟೋಪಿ ಮಾಡಿದಳು. ಮುಂದಿನ ಮಳೆ ಆ ಬಟ್ಟೆಯ ಮೂಲಕವೇ ಸೋಸಿ ಇಳಿಯಿತು. ತೊಟ್ಟಿಗಳು ಸ್ನಾನ ಮಾಡಿ ತಲೆಗೆ ಬಟ್ಟೆ ಕಟ್ಟಿಕೊಂಡ ಅಜ್ಜಿಯರಂತೆ ಕಂಡವು. ಯಜಮಾನ ಅವುಗಳ ಕಡೆ ನೋಡದೆ ಊಟ ಮಾಡಿದ. ಬೆಳಿಗ್ಗೆ ಎದ್ದು ನೋಡಿದರೆ ನಡುವಿನ ತೊಟ್ಟಿಯ ಟೋಪಿ ಮಡಚಿ ಕಟ್ಟೆಯ ಮೇಲಿತ್ತು.

"ಯಾರು ತೆಗೆದಿದ್ದು?"

"ನಾನೇ," ಎಂದ ಯಜಮಾನ. "ಎರಡು ನಿನಗೆ ಬಿಟ್ಟಿದ್ದೀನಿ. ಒಂದು ನನಗಿರ್ಲಿ. ಒಳ್ಳೆ ನೂಲಿಗೆ ಬೇಕು."

"ಸೊಳ್ಳೆಗೆ ಲೆಕ್ಕ ಬರುತ್ತೇನ್ರೀ, ಮೂರರಲ್ಲಿ ಎರಡು ಬಿಟ್ಟುಕೊಡೋಕೆ?"

"ನನ್ನಪ್ಪ ಮಾಡಿದ ಬಣ್ಣ ಕಣೇ ಅದು! ಅದು ಮಂಕಾದ್ರೆ ಈ ಮನೇಲಿ ನಾನು ಯಾಕಿರ್ಬೇಕು?"

"ಮಗಳಿಲ್ದೆ ಹೋಗಿದ್ರೆ ಯಾಕಿರ್ತಿದ್ರಿ, ಅದು ಹೇಳಿ."

ಮಗ ಕೋಲು ಹಿಡಿದು ನಿಂತಲ್ಲೇ, "ಅಮ್ಮಾ, ಒಂದು ತೊಟ್ಟಿ ತಾನೇ…" ಎಂದ.

"ನೀನು ಸುಮ್ನೆ ತಿರುವು. ಸೀದ ವಾಸನೆ ಬರ್ತಿದೆ."

ಬಣ್ಣದಮ್ಮ ಮೂರು ಬಿರಡೆಗಳನ್ನೂ ಕಿತ್ತು, ನೀರು ಬಿಟ್ಟು, ಮರದ ಆ ಗುಂಡು ತುಂಡುಗಳನ್ನು ಚೀಲಕ್ಕೆ ಹಾಕಿ ಸೊಂಟಕ್ಕೆ ಬಿಗಿದಳು. ಬಿರಡೆಯಿಲ್ಲದ ತೊಟ್ಟಿಯಲ್ಲಿ ಹನಿ ನೀರೂ ನಿಲ್ಲುವುದಿಲ್ಲ. ಅವಳು ನಡೆದಾಗಲೆಲ್ಲ ಚೀಲ ಕಟಕಟ ಎನ್ನುತ್ತಿತ್ತು. ಮೋಡ ಬಂದು ಹೋಯಿತು, ಮಳೆ ಚರಂಡಿಗೆ ಹೋಯಿತು. ಯಜಮಾನ ಊಟ ಬಿಟ್ಟ. ಈ ಸಲ ಅವನನ್ನು ಯಾರೂ ಎಬ್ಬಿಸಲಿಲ್ಲ. ಹಸಿವಾದಾಗ ತಾನೇ ಎದ್ದು ಬಡಿಸಿಕೊಂಡ.

ಜಗಳ ಮುಗಿಸಿದವಳು ಗಿಳಿ. ಪಾತ್ರೆಗಳಲ್ಲಿ ಮಳೆನೀರು ಹಿಡಿದು, ಒಂದಕ್ಕೆ ಬಟ್ಟೆ ಕಟ್ಟಿ, ಇನ್ನೊಂದನ್ನು ತೆರೆದಿಟ್ಟು, ತೆರೆದದ್ದರ ಪಕ್ಕ ಎರಡು ದಿನ ತಾನೇ ಬೀಸಣಿಗೆ ಹಿಡಿದು ಕಾವಲು ಕೂತಳು. ಒಂದೇ ಹಂಡೆಯಲ್ಲಿ ಅದ್ದಿದ ಎರಡು ಲಡಿಗಳನ್ನು ಎರಡರಲ್ಲಿ ಜಾಲಿಸಿ ಒಣಗಿಸಿ ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ಮುಚ್ಚಿದ ನೀರಿನದು ಯಾವುದು? ಹೇಳು. ಗೊತ್ತಾಗದಿದ್ರೆ ಅಮ್ಮ ಗೆದ್ದ ಹಾಗೆ."

ಯಜಮಾನ ಲಡಿಗಳನ್ನು ಹಿತ್ತಿಲ ಬೆಳಕಿಗೆ ಒಯ್ದ. ಒಂದನ್ನು ತಿರುಗಿಸಿದ, ಇನ್ನೊಂದನ್ನು ಮೂಸಿದ.

"ಇದು," ಎಂದ. "ಮಂಕು."

ಸರಿಯಾಗಿ ಹೇಳಿದ್ದ. ಗಿಳಿಯ ಮುಖ ಇಳಿಯಿತು. ಯಜಮಾನನ ಮುಖ ಮಾತ್ರ ಎಷ್ಟೋ ದಿನಗಳ ಮೇಲೆ ಅರಳಿತು. "ನಾನು ಹೇಳ್ಲಿಲ್ವಾ? ನನ್ನ ಕಣ್ಣು ಸುಳ್ಳು ಹೇಳುತ್ತಾ?"

ಬಣ್ಣದಮ್ಮ ಮುಂದೆ ಬಂದಳು. "ಇಲ್ಲ, ಹೇಳೋಲ್ಲ. ಗೆದ್ರಿ. ಈಗ ಗೆದ್ದದ್ದನ್ನ ಇಟ್ಕೊಂಡು ಏನ್ ಮಾಡ್ತೀರಿ?"

ಯಜಮಾನ ಉತ್ತರ ಕೊಡಲು ತಿರುಗಿದ. ಲಡಿ ವಾಪಸು ತೆಗೆದುಕೊಳ್ಳಲು ಗಿಳಿ ಕೈ ಚಾಚಿದ್ದಳು. ಸೂಜಿ ಚುಚ್ಚಿದ ಕಡೆಯೆಲ್ಲ ಅವಳ ತೋಳು ಇನ್ನೂ ನೀಲಿಗಟ್ಟಿತ್ತು. ಬಣ್ಣದವನ ಕಣ್ಣು ಅದು. ಎಷ್ಟು ಬಗೆಯ ನೀಲಿಯಿದೆ, ಯಾವುದು ಎಲ್ಲಿಂದ ಬಂತು ಎಂದು ಹೇಳಬಲ್ಲ ಕಣ್ಣು. ಅವನು ಆ ತೋಳನ್ನು ಬಹಳ ಹೊತ್ತು ನೋಡಿದ.

ಆಮೇಲೆ ತೆಂಗಿನ ನಾರು ಹುಡುಕಿಕೊಂಡು ನಡುವಿನ ತೊಟ್ಟಿಗೆ ಇಳಿದ. ಗೋಡೆ ತಿಕ್ಕುವ ಸದ್ದು ಮಧ್ಯಾಹ್ನದವರೆಗೂ ಕೇಳಿತು. ಎದ್ದು ನಿಂತು, "ಬಿರಡೆ ಕೊಡು," ಎಂದ.

"ಟೋಪಿ?"

"ಹಾಕ್ತೀನಿ."

"ಮೂರಕ್ಕೂ?"

"ಮೂರಕ್ಕೂ ಕಣೇ, ಮಾರಾಯ್ತಿ!"

ವರ್ತಕ ಬಂದಾಗ ಲಡಿ ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದ. "ಏನು ಯಜಮಾನ್ರೇ, ಈ ಸಲ ನೀಲಿ ಸ್ವಲ್ಪ ಮೆತ್ತಗಿದೆಯಲ್ಲ?"

ಬಣ್ಣದಮ್ಮ ಬಾಯಿ ತೆರೆಯುವ ಮೊದಲೇ ಯಜಮಾನ ಹೇಳಿದ: "ಮೆತ್ತಗಿದೆ. ಇನ್ನು ಮೇಲೆ ಹೀಗೇ ಇರುತ್ತೆ. ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ."

ವರ್ತಕ ಗೊಣಗಿಕೊಂಡೇ ಗಾಡಿಗೆ ಹೇರಿಸಿದ.

ಆ ಮಧ್ಯಾಹ್ನ ಟಾರ್ಚಕ್ಕ ಬೀದಿಗೆ ಬಂದಾಗ ಅವಳ ಜೊತೆ ಇನ್ನೊಬ್ಬಳೂ ಇದ್ದಳು. ಕೈಯಲ್ಲಿ ನಾರು, ಹೆಗಲ ಮೇಲೆ ಸೊಸೆ ಹೊಲಿದ ಟೋಪಿಗಳು. ಇಬ್ಬರೂ ಪಕ್ಕದ ಮನೆಯ ಬಾಗಿಲು ತಟ್ಟಿದರು. ಪಕ್ಕದ ಮನೆಯವಳು ಅರ್ಧ ತೆರೆದು, ಟಾರ್ಚು ಕಂಡದ್ದೇ ಅಡ್ಡ ನಿಂತಳು.

"ನೋಡೋಕೇನಿದೆ? ನಾವು ವಾರ ವಾರ ಖಾಲಿ ಮಾಡಿ ತಿಕ್ಕಿ ತೊಳೀ…"

"ಆ ಸುಳ್ಳು ನಂದು ಕಣೇ," ಎಂದು ಬಣ್ಣದಮ್ಮ ಹೊಸಿಲ ಮೇಲೆ ಕಾಲಿಟ್ಟಳು. "ವಾಪಸ್ ತಗೊಳ್ಳೋಕೆ ಬಂದಿದ್ದೀನಿ. ಬಾಗಿಲು ತೆಗಿ."